ಕೇಳದ ದನಿಗೆ ಡಿಸ್ಕ್‌ನಲ್ಲಿ ಜಾಗ ಯಾಕೆ?

ಪ್ರಶ್ನೆ: ನಾವು ಪುಣೆಯ ಚಿಂಚವಡದಲ್ಲಿದ್ದೇವೆ. ಮಗನ ಲ್ಯಾಪ್‌ಟಾಪ್‌ನ 512 ಜಿಬಿ ಎಸ್‌ಎಸ್‌ಡಿ ಗೇಮ್‌ಗಳಿಂದಲೇ ತುಂಬಿಹೋಗಿದೆ. ಒಂದು ಗೇಮ್‌ನ ಫೋಲ್ಡರ್ ತೆರೆದು ನೋಡಿದರೆ ಜಪಾನಿ, ಕೊರಿಯನ್, ಚೀನಿ ದನಿಯ ಫೈಲ್‌ಗಳು ಬೇರೆ ಬೇರೆಯಾಗಿ ಇವೆ. ಅವನು ಕೇಳುವುದು ಇಂಗ್ಲಿಷ್ ಮಾತ್ರ. ಉಳಿದದ್ದನ್ನು ಡಿಲೀಟ್ ಮಾಡಬಹುದಾ?

ಉತ್ತರ: ಖಂಡಿತ ತೆಗೆಯಬಹುದು. ಆದರೆ ನೇರವಾಗಿ ಫೋಲ್ಡರ್‌ಗೆ ಕೈಹಾಕಿ ಅಳಿಸಬೇಡಿ. ಗೇಮ್‌ಗಳನ್ನು ಇಳಿಸಿ ನಡೆಸುವ ಸ್ಟೀಮ್‌ನಂಥ ಲಾಂಚರ್ ಆಪ್‌ಗಳ ಬಳಿ ಪ್ರತಿ ಗೇಮ್‌ನ ಫೈಲ್‌ಗಳ ಪಟ್ಟಿ ಇರುತ್ತದೆ. ಫೈಲ್ ಪರಿಶೀಲನೆ ನಡೆದಾಗ ಒಂದು ಕಾಣದಿದ್ದರೂ ಗೇಮ್ ಹಾಳಾಗಿದೆ ಎಂದುಕೊಂಡು ಲಾಂಚರ್ ಆ ಫೈಲನ್ನು ಮತ್ತೆ ಇಳಿಸುತ್ತದೆ. ನೀವು ತೆಗೆದದ್ದು ಮರಳಿ ಬರುತ್ತದೆ, ಡೇಟಾ ಸುಮ್ನೆ ಖರ್ಚು. ಕೆಲವು ಗೇಮ್‌ಗಳಂತೂ ಶುರುವಾಗುವುದೇ ಇಲ್ಲ.

ಸರಿಯಾದ ದಾರಿ ಸುಲಭವಾಗಿದೆ. ಸ್ಟೀಮ್‌ನಲ್ಲಿ ಗೇಮ್ ಮೇಲೆ ರೈಟ್ ಕ್ಲಿಕ್ ಮಾಡಿ ಪ್ರಾಪರ್ಟೀಸ್‌ಗೆ ಹೋದರೆ ಭಾಷೆಯ ಆಯ್ಕೆ ಸಿಗುತ್ತದೆ. ಭಾಷೆಗಳನ್ನು ಬೇರೆ ಬೇರೆಯಾಗಿ ಕೊಟ್ಟಿರುವ ಗೇಮ್ ಆದರೆ, ನೀವು ಆರಿಸಿದ ಭಾಷೆಯ ಫೈಲ್ ಮಾತ್ರ ಉಳಿಯುತ್ತದೆ. ಸೈಬರ್‌ಪಂಕ್ 2077ರಂಥ ಗೇಮ್‌ಗಳಲ್ಲಿ ಹೆಚ್ಚುವರಿ ದನಿಗಳು ಪ್ರತ್ಯೇಕ ಪ್ಯಾಕ್‌ಗಳಾಗಿಯೂ ಸಿಗುತ್ತವೆ, ಬೇಡದ್ದನ್ನು ಹಾಕಿಕೊಳ್ಳದಿದ್ದರಾಯಿತು. ಗೆನ್ಶಿನ್ ಇಂಪ್ಯಾಕ್ಟ್‌ನಲ್ಲಿ ಇಂಗ್ಲಿಷ್, ಜಪಾನಿ, ಕೊರಿಯನ್, ಚೀನಿ ಎಂದು ನಾಲ್ಕು ದನಿಗಳಿವೆ. ಬೇಡದ ದನಿಯನ್ನು ಗೇಮ್‌ನ ಸೆಟ್ಟಿಂಗ್ಸ್‌ನಿಂದಲೇ ತೆಗೆಯಬಹುದು. ಹೊಸ ಗೇಮ್ ಹಾಕುವಾಗ ಭಾಷೆ ಆರಿಸುವ ಪರದೆ ಬಂದರೆ ಅವಸರದಲ್ಲಿ ನೆಕ್ಸ್ಟ್ ಒತ್ತಬೇಡಿ, ಅಲ್ಲೇ ಟಿಕ್ ತೆಗೆಯಿರಿ. ಇಂಥ ಯಾವ ಆಯ್ಕೆಯೂ ಇಲ್ಲದ ಗೇಮ್‌ಗಳೂ ಇವೆ. ಅವನ್ನು ಇದ್ದ ಹಾಗೇ ಬಿಡಿ.

ಬರೀ ಮಾತಿಗೆ ಇಷ್ಟು ಜಾಗ ಯಾಕೆ ಅಂದರೆ, ಲೆಕ್ಕ ಹೀಗಿದೆ. 48 ಕಿಲೋಹರ್ಟ್ಸ್, 16 ಬಿಟ್‌ನಲ್ಲಿ (ಅಂದರೆ ಸೆಕೆಂಡಿಗೆ 48,000 ಅಳತೆ, ಒಂದೊಂದಕ್ಕೂ 16 ಬಿಟ್) ಒಂದೇ ಚಾನೆಲ್‌ನ ಧ್ವನಿಯನ್ನು ಕುಗ್ಗಿಸದೆ ಇಟ್ಟರೆ ಗಂಟೆಗೆ ಸುಮಾರು 345 ಎಂಬಿ. ಅದನ್ನೇ 96 ಕೆಬಿಪಿಎಸ್‌ಗೆ, ಅಂದರೆ ಸೆಕೆಂಡಿಗೆ 96 ಕಿಲೋಬಿಟ್‌ಗೆ ಕುಗ್ಗಿಸಿದರೆ ಸುಮಾರು 43 ಎಂಬಿ. ಹತ್ತಾರು ಗಂಟೆ ಸಂಭಾಷಣೆ, ಅದಕ್ಕೆ ನಾಲ್ಕಾರು ಭಾಷೆ ಸೇರಿದರೆ ಕುಗ್ಗಿಸಿದ ಮೇಲೂ ಹಲವು ಜಿಬಿ ಆಗುತ್ತದೆ. ಕಥೆಯ ದೃಶ್ಯಗಳನ್ನು ಮೊದಲೇ ವಿಡಿಯೊ ಮಾಡಿ, ಅದರೊಳಗೇ ಧ್ವನಿ ಸೇರಿಸಿದ್ದರೆ ಒಂದೊಂದು ಭಾಷೆಗೂ ಬೇರೆ ವಿಡಿಯೊ ಬೇಕಾಗಬಹುದು. ಆಗ ಇನ್ನೂ ಜಾಸ್ತಿ. ಕುಗ್ಗಿಸದೆ ಇಡುವುದಕ್ಕೂ ಕಾರಣ ಇರುತ್ತದೆ. 2014ರಲ್ಲಿ ಬಂದ ಟೈಟನ್‌ಫಾಲ್ ಎಂಬ ಗೇಮ್ ಪಿಸಿಯಲ್ಲಿ 48 ಜಿಬಿ ತಿನ್ನುತ್ತಿತ್ತು, ಅದರಲ್ಲಿ ಸುಮಾರು 35 ಜಿಬಿ ಕುಗ್ಗಿಸದ ಆಡಿಯೊ. ಎರಡು ಕೋರ್‌ನ ಹಳೆಯ ಪ್ರೊಸೆಸರ್‌ಗಳಿಗೆ ಆಡುವ ಹೊತ್ತಿನಲ್ಲಿ ಕುಗ್ಗಿಸಿದ ಆಡಿಯೊವನ್ನು ಮತ್ತೆ ಬಿಚ್ಚುವ ಹೊರೆ ಬೀಳಬಾರದು ಎಂದು ಹಾಗೆ ಮಾಡಿದ್ದರು. ಸಾಧಾರಣ ಕಂಪ್ಯೂಟರ್ ಇರುವವರನ್ನೂ ನೆನೆದು ತೆಗೆದುಕೊಂಡ ಆ ತೀರ್ಮಾನ ನನಗೆ ಇಷ್ಟ.

ಪ್ರಶ್ನೆ: ಗೋವಾದ ವಾಸ್ಕೋದಿಂದ ಬರೆಯುತ್ತಿದ್ದೇನೆ. ಮಗಳಿಗೆ ಜಪಾನಿ ದನಿಯೇ ಬೇಕಂತೆ, ಆದರೆ ಓದಲು ಇಂಗ್ಲಿಷ್. ಎರಡನ್ನೂ ಇಟ್ಟುಕೊಂಡರೆ ಜಾಗ ಸಾಕಾಗುತ್ತಾ? ನಮ್ಮ ದೇಶದ ಭಾಷೆಯಲ್ಲಿ ಮಾತಾಡುವ ಗೇಮ್ ಇಲ್ಲವೇ?

ಉತ್ತರ: ಅವಳ ಆಸೆ ನ್ಯಾಯವಾದದ್ದೇ. ಜಪಾನಿನಲ್ಲಿ ತಯಾರಾದ ಕಥೆಯನ್ನು ಅಲ್ಲಿನ ಕಲಾವಿದರ ದನಿಯಲ್ಲೇ ಕೇಳುವ ಸುಖ ಬೇರೆ. ಜಾಗದ ಚಿಂತೆ ಬೇಡ. ಸಬ್‌ಟೈಟಲ್ ಬರೀ ಅಕ್ಷರ, ಹಲವು ಭಾಷೆಗಳನ್ನು ಸೇರಿಸಿದರೂ ದನಿಯ ಮುಂದೆ ಅದು ಏನೂ ಅಲ್ಲ. ಆದರೆ ಸ್ಟೀಮ್‌ನಲ್ಲಿ ಭಾಷೆಯನ್ನೇ ಜಪಾನಿಗೆ ಬದಲಿಸಿದರೆ ಕೆಲವು ಗೇಮ್‌ಗಳಲ್ಲಿ ಮೆನುವೂ ಜಪಾನಿ ಆಗಿಬಿಡುತ್ತದೆ. ಹಾಗಾಗಿ ಮೊದಲು ಗೇಮ್‌ನ ಒಳಗಿನ ಆಡಿಯೊ ಸೆಟ್ಟಿಂಗ್ಸ್ ನೋಡಿ. ದನಿಗೂ ಅಕ್ಷರಕ್ಕೂ ಬೇರೆ ಬೇರೆ ಆಯ್ಕೆ ಇದ್ದು, ದನಿ ತೆಗೆಯುವ ಆಯ್ಕೆಯೂ ಇದ್ದರೆ ಇಂಗ್ಲಿಷ್ ದನಿಯನ್ನು ಧೈರ್ಯವಾಗಿ ತೆಗೆದುಹಾಕಿ.

ನಮ್ಮ ಭಾಷೆಗಳ ವಿಷಯಕ್ಕೆ ಬಂದರೆ, ಪುಣೆಯ ನಾಡಿಂಗ್ ಹೆಡ್ಸ್ ಗೇಮ್ಸ್ ತಂಡ 2020ರಲ್ಲಿ ತಂದ 'ರಾಜಿ' ಎಂಬ ಗೇಮ್ ಇದೆ. ಅದರ ಎನ್‌ಹಾನ್ಸ್‌ಡ್ ಎಡಿಷನ್‌ನಲ್ಲಿ ಹಿಂದಿ ದನಿಯೂ ಸೇರಿತು. ದುರ್ಗೆಯೂ ವಿಷ್ಣುವೂ ಕಥೆ ಹೇಳುವ ಆಟ ಅದು. ಅಂಥ ಕಥೆಗೆ ಕನ್ನಡದ ದನಿಯೂ ಬರಲಿ ಎಂಬುದು ನನ್ನ ದೊಡ್ಡ ಆಸೆ. ಸದ್ಯಕ್ಕೆ ಮಗಳಿಗೆ ಹಿಂದಿ ಅರ್ಥವಾಗುತ್ತದೆ ಅಂದರೆ ಅದನ್ನು ಒಮ್ಮೆ ಹಾಕಿಕೊಡಿ.