ಮೋರೊ ಕ್ರಿಸ್‌ನ ಹಿಡಿ ಅಲ್ಲಾಡುತ್ತಿದೆ, ಅಲಗಿಗೆ ತುಕ್ಕು ಹಿಡಿದಿದೆ. ಎಪಾಕ್ಸಿ ಅಂಟು ಹಾಕಿ ಬಫಿಂಗ್ ಚಕ್ರದಲ್ಲಿ ಪಾಲಿಶ್ ಮಾಡಿಸಲೇ, ಆಸಿಡ್‌ನಲ್ಲಿ ಅದ್ದಲೇ?

ಯಾವುದೂ ಬೇಡ. ಕ್ರಿಸ್ ಅಂದರೆ ದಕ್ಷಿಣ ಫಿಲಿಪೀನ್ಸ್‌ನ ಮೋರೊ ಮುಸ್ಲಿಮರ ಕತ್ತಿ. ಅಲ್ಲಿನ ದಾವಾವ್ ನಗರದಲ್ಲಿ ಓದುತ್ತಿರುವ ನಿಮಗೆ ಸಿಕ್ಕಿದ್ದು ಹಳೆಯ ಕ್ರಿಸ್ ಆಗಿದ್ದರೆ, ಹಿಡಿ ಸಡಿಲವಾಗಿರುವುದು ದೋಷವಲ್ಲ, ಅದೃಷ್ಟ. ಬಿಸಿ ಮಾಡುವ ಗೋಜಿಲ್ಲದೆ ಬಿಚ್ಚಬಹುದು. ನಾನು ಕೊಂಡ ಒಂದು ಕ್ರಿಸ್‌ನ ಹಿಡಿ ಕಲ್ಲಿನಷ್ಟು ಗಟ್ಟಿಯಾಗಿತ್ತು. ಹಿಂದಿನ ಮಾಲೀಕರು ಒಳಗೆ ಎಪಾಕ್ಸಿ ಸುರಿದಿದ್ದರು. ಅದಕ್ಕೆ ತೆತ್ತ ದಂಡದ ಕಥೆ ಮುಂದೆ ಹೇಳುತ್ತೇನೆ. ಮೊದಲು ನಿಮ್ಮ ಕೈಯಲ್ಲಿರುವುದು ಏನೆಂದು ನೋಡಿಕೊಳ್ಳಿ.

ಅಲಗು ಹಿಡಿಯನ್ನು ಸೇರುವಲ್ಲಿ ಅಗಲವಾದ ಭಾಗ ಇದೆಯಲ್ಲ, ಅದು ಗಂಗ್ಯಾ. ಒಂದು ತುದಿಯಲ್ಲಿ ಆನೆಯ ಸೊಂಡಿಲಿನಂತೆ ಕೊರೆದಿರುತ್ತಾರೆ. ಹಳೆಯ ಕ್ರಿಸ್‌ಗಳಲ್ಲಿ ಗಂಗ್ಯಾ ಬೇರೆಯೇ ತುಂಡು. ಅಲಗಿನ ಬಾಲ ಅದರ ತೂತಿನಲ್ಲಿ ಹಾದು ಹಿಡಿಯೊಳಗೆ ಇಳಿಯುತ್ತದೆ. ಸುಮಾರು 1930ರ ಈಚಿನವುಗಳಲ್ಲಿ ಗಂಗ್ಯಾ ಅಲಗಿನ ಜೊತೆ ಒಂದೇ ತುಂಡಾಗಿರುತ್ತದೆ, ಸಂದು ಕಾಣಲೆಂದು ಮೇಲೊಂದು ಗೆರೆ ಗೀರಿರುತ್ತಾರೆ, ಕೆಲವದರಲ್ಲಿ ಅದೂ ಇಲ್ಲ. ಭೂತಗನ್ನಡಿ ಹಿಡಿದು ಆ ಗೆರೆಯನ್ನು ಅಂಚಿನವರೆಗೂ ಹಿಂಬಾಲಿಸಿ. ನಿಜವಾದ ಸಂದಾದರೆ ಅಂಚಿನ ಮೇಲೂ ಹಾದು ಆಚೆ ಬದಿಗೆ ಹೋಗುತ್ತದೆ. ಗೀರಿದ ಗೆರೆ ಅಂಚಿನಲ್ಲಿ ಸಾಯುತ್ತದೆ. ಅಲಗು ತೆಳ್ಳಗೆ ತಗಡಿನಂತಿದ್ದು, ಒರೆಯ ತುಂಬ ಕಪ್ಪೆಚಿಪ್ಪಿನ ಕೆತ್ತನೆ ಇದ್ದರೆ ಅದು ಎರಡನೇ ಮಹಾಯುದ್ಧದ ನಂತರ ಪ್ರವಾಸಿಗಳಿಗಾಗಿ ಮಾಡಿದ ಮಾಲು ಇರಬಹುದು. ಅಂಥದ್ದಕ್ಕೆ ನಿಮಗೆ ಬೇಕಾದ್ದು ಮಾಡಿಕೊಳ್ಳಿ, ನನ್ನ ತಕರಾರಿಲ್ಲ.

ಈಗ ಎಪಾಕ್ಸಿ. ಮೋರೊ ಕುಶಲಿಗಳು ಹಿಡಿಯನ್ನು ಕೂರಿಸುವುದು ಮರದ ರಾಳದಿಂದ, ನಮ್ಮಲ್ಲಿ ಕತ್ತಿಯ ಹಿಡಿಗೆ ಅರಗು ಹಾಕುವ ಕ್ರಮವೇ. ರಾಳ ಬಿಸಿಗೆ ಮೆತ್ತಗಾಗುತ್ತದೆ, ಹಾಗಾಗಿ ಮತ್ತೆ ಬಿಚ್ಚಬಹುದು. ಎಪಾಕ್ಸಿ ಹಾಗಲ್ಲ. ಒಳಗಿನ ಬಾಲಕ್ಕೆ ನೂರು ವರ್ಷದ ತುಕ್ಕು ಮತ್ತು ಎಣ್ಣೆ ಮೆತ್ತಿರುತ್ತದೆ. ಅಂಟು ಹಿಡಿಯುವುದು ಆ ತುಕ್ಕನ್ನು, ಉಕ್ಕನ್ನಲ್ಲ. ಮಳೆಗಾಲದಲ್ಲಿ ಮರ ತೇವ ಕುಡಿದು ಉಬ್ಬುತ್ತದೆ, ಬೇಸಿಗೆಯಲ್ಲಿ ಕುಗ್ಗುತ್ತದೆ, ಎಪಾಕ್ಸಿ ಎರಡಕ್ಕೂ ಜಗ್ಗುವುದಿಲ್ಲ. ಆ ಸಂದಿನಲ್ಲಿ ತೇವ ಸೇರಿ ತುಕ್ಕು ಬೆಳೆಯುತ್ತದೆ, ತುಕ್ಕಿಗೆ ಕಬ್ಬಿಣಕ್ಕಿಂತ ಹೆಚ್ಚು ಜಾಗ ಬೇಕು, ಹೊರಗೆ ದಾರಿ ಇಲ್ಲ, ಹಿಡಿಯೇ ಒಳಗಿಂದ ಸೀಳುತ್ತದೆ. ನನ್ನದರಲ್ಲಿ ಆಗಿದ್ದು ಇದೇ. ಅಷ್ಟಕ್ಕೇ ಮುಗಿಯಲಿಲ್ಲ. ಸುರಿದ ಅಂಟು ಹಿಡಿಯ ಬಾಯಿಂದ ಕೆಳಗಿಳಿದು ಗಂಗ್ಯಾದ ಸಂದಿಗೂ, ಅಸಾಂಗ್-ಅಸಾಂಗ್‌ನ ಬೆನ್ನಿಗೂ ಹೋಗಿತ್ತು. ಅಸಾಂಗ್-ಅಸಾಂಗ್ ಅಂದರೆ ಗಂಗ್ಯಾವನ್ನು ಹಿಡಿಗೆ ಬಿಗಿಯುವ ಬೆಳ್ಳಿ ಅಥವಾ ಹಿತ್ತಾಳೆಯ ಕೊಕ್ಕೆಪಟ್ಟಿ, ಒಂದು ಅಥವಾ ಎರಡಿರುತ್ತವೆ. ಅದರ ಮೇಲಿನ ತುದಿ ಹಿಡಿಯ ಒಳಗೆ ಹೋಗಿರುತ್ತದೆ. ಎಪಾಕ್ಸಿಯಲ್ಲಿ ಹೂತುಹೋದ ಆ ಪಟ್ಟಿಯನ್ನು ಬಿಡಿಸಹೋದರೆ ಹರಿಯುತ್ತದೆ, ಬಿಡದಿದ್ದರೆ ಹಿಡಿ ಬರುವುದಿಲ್ಲ. ಕೊನೆಗೆ ಹಲ್ಲಿನ ಡಾಕ್ಟರರ ಬಳಿ ಇರುವಂಥ ಸಣ್ಣ ಬರ್‌ಗಳಿಂದ ಒಳಗಿನ ಅಂಟನ್ನು ಪುಡಿ ಪುಡಿಯಾಗಿ ಕೊರೆದು ತೆಗೆಯಬೇಕಾಯಿತು, ಪಟ್ಟಿ ಹರಿದೇ ಹೋಯಿತು. ಹಿಡಿ ಗಟ್ಟಿ ಇದೆ ಎಂದು ಹೆಚ್ಚು ಬೆಲೆ ಕೊಟ್ಟು ಕೊಂಡಿದ್ದು ಬೇರೆ!

ನೀವು ಮಾಡಬೇಕಾದ್ದು ಇಷ್ಟು. ಎಲ್ಲ ಬದಿಯಿಂದ ಫೋಟೊ ತೆಗೆಯಿರಿ. ಅಲಗನ್ನು ಬಟ್ಟೆ ಸುತ್ತಿ ಎರಡು ಮರದ ಹಲಗೆಗಳ ನಡುವೆ ಬಿಗಿಯಿರಿ. ಹಿಡಿಯನ್ನು ನೇರವಾಗಿ ಎಳೆಯಿರಿ, ತಿರುಚಬೇಡಿ. ಇಂಡೊನೇಷ್ಯಾದ ಕಠಾರಿ ಕೆರಿಸ್‌ನ ಬಾಲ ದುಂಡು, ತಿರುಗಿಸಿದರೂ ನಡೆಯುತ್ತದೆ. ಮೋರೊ ಕ್ರಿಸ್‌ನದು ಚೌಕ, ತಿರುಗಿಸಿದರೆ ಮರ ಬಿರಿಯುತ್ತದೆ. ಬರದಿದ್ದರೆ ಹಿಡಿಗೆ ಒದ್ದೆ ಬಟ್ಟೆ ಸುತ್ತಿ, ಗಂಗ್ಯಾದ ಹತ್ತಿರ ಅಲಗಿಗೆ ಹೇರ್ ಡ್ರೈಯರ್‌ನಿಂದ ಬಿಸಿ ಕೊಡಿ, ಶಾಖ ಬಾಲದ ಮೂಲಕ ಒಳಗೆ ಹೋಗುತ್ತದೆ. ರಾಳ ಸಡಿಲಲು 100 ಡಿಗ್ರಿಯೂ ಬೇಡ. ಗ್ಯಾಸ್ ಒಲೆಯ ಉರಿಗೆ ಹಿಡಿದರೆ 200 ಡಿಗ್ರಿ ಯಾವಾಗ ದಾಟಿತೆಂದು ಗೊತ್ತೇ ಆಗದೆ ಉಕ್ಕಿನ ಹದ ಹೋಗುತ್ತದೆ. ಗಿಳಿಮೂತಿಯ ಹಿಡಿ ದಂತದ್ದಾಗಿದ್ದರೆ ಬಿಸಿಯ ಸುದ್ದಿಗೇ ಹೋಗಬೇಡಿ, ಒಣಗಿ ಸೀಳುತ್ತದೆ.

ಮತ್ತೆ ಕೂರಿಸಲು ರಾಳ 4 ಪಾಲು, ಜೇನುಮೇಣ 1 ಪಾಲು, ಬಟ್ಟೆಯಲ್ಲಿ ಸೋಸಿದ ಇದ್ದಿಲ ಪುಡಿ 1 ಪಾಲು. ಸಣ್ಣ ಡಬ್ಬಿಯಲ್ಲಿ ಮಂದ ಶಾಖಕ್ಕೆ ಕರಗಿಸಿ. ರಾಳಕ್ಕೆ ಬೆಂಕಿ ಹತ್ತಿಕೊಳ್ಳುತ್ತದೆ, ಮುಚ್ಚಳ ಪಕ್ಕದಲ್ಲಿರಲಿ. ಮೇಣ ಹೆಚ್ಚಾದರೆ ಸೆಕೆಗೆ ಹಿಡಿ ಜಾರುತ್ತದೆ, ಕಡಿಮೆಯಾದರೆ ಒಂದು ಪೆಟ್ಟಿಗೆ ರಾಳ ಪುಡಿಯಾಗುತ್ತದೆ. ಗಂಗ್ಯಾ, ಪಟ್ಟಿ ಎರಡನ್ನೂ ಜಾಗಕ್ಕೆ ಕೂರಿಸಿ, ಬಾಲವನ್ನು ಸ್ವಲ್ಪ ಬಿಸಿ ಮಾಡಿ, ಹಿಡಿಯ ತೂತಿಗೆ ಮುಕ್ಕಾಲು ಭಾಗ ರಾಳ ತುಂಬಿ ಒತ್ತಿ. ಉಕ್ಕಿ ಬಂದದ್ದನ್ನು ತಣ್ಣಗಾದ ಮೇಲೆ ಮರದ ಚೂರಿನಿಂದ ಕೆರೆದರೆ ಸಾಕು.

ಬಫಿಂಗ್ ಚಕ್ರದ ಬಗ್ಗೆ ಒಂದೇ ಮಾತು: ಸೊಂಡಿಲಿನ ಮೊನಚು, ಗಂಗ್ಯಾದ ಗೆರೆ, ಅಲಗಿನ ಅಲೆಯಂಥ ಬಾಗುಗಳ ನಡುವಿನ ಏಣು, ಎಲ್ಲವನ್ನೂ ಅದು ಒಂದೇ ಸಮ ಸವರಿ ಹಾಕುತ್ತದೆ. ಕೈಯಲ್ಲೇ ಮಾಡಿ. ಕೆಂಪು ತುಕ್ಕನ್ನು ಸೀಮೆಎಣ್ಣೆಯಲ್ಲಿ ನೆನೆಸಿ ಹಿತ್ತಾಳೆಯ ಚೂರಿನಿಂದ ಕೆರೆಯಿರಿ. ಆಮೇಲೆ ಎಣ್ಣೆ ಹಚ್ಚಿದ ವಾಟರ್ ಪೇಪರ್ (ನುಣುಪು ಉಜ್ಜುಕಾಗದ), 400, 600, 800 ನಂಬರಿನದು, ಬೇಕಿದ್ದರೆ 1000. ಉದ್ದಕ್ಕೆ ಮಾತ್ರ ಉಜ್ಜಿ. ಅಲೆಯ ಒಳಬಾಗಿಗೆ ಪೇಪರನ್ನು ಕಾರ್ಕ್‌ಗೆ ಸುತ್ತಿಕೊಳ್ಳಿ. ಕಪ್ಪು ಚುಕ್ಕಿಗಳು ಆಳಕ್ಕೆ ಇಳಿದಿದ್ದರೆ ಅವನ್ನು ಹಾಗೇ ಬಿಡಿ. ಬೆನ್ನು ಹತ್ತಿದರೆ ಅಲಗೇ ತೆಳ್ಳಗಾಗುತ್ತದೆ.

ಆಸಿಡ್ ಅಂದಿರಲ್ಲ, ಬೇಕಾದ್ದು ಅದ್ದುವುದಲ್ಲ, ಸವರುವುದು. ಹಳೆಯ ಅಲಗುಗಳಲ್ಲಿ ಪದರ ಪದರವಾಗಿ ಬೆಸೆದ ಉಕ್ಕು ಸಾಮಾನ್ಯ. ಅದರ ಎಳೆಗಳು ಹೊರಬರಲು ಹುಳಿ ಬೇಕು, ಅಲ್ಲಿಯವರು ಸಿಟ್ರಸ್ ರಸ ಬಳಸುತ್ತಾರೆ. ನನಗೆ ಅಲ್ಲಿನ ಪುಟ್ಟ ನಿಂಬೆ ಕಲಮನ್ಸಿಗಿಂತ ಅಂಗಡಿಯ ಬಿಳಿ ವಿನೆಗರ್ ಮೇಲು, ಕಲೆ ಸಮನಾಗಿ ಬರುತ್ತದೆ. ಹಿಡಿ ಕೂರಿಸುವ ಮೊದಲೇ ಈ ಕೆಲಸ ಮುಗಿಸಿ. ಗಂಗ್ಯಾ ಬೇರೆಯಾಗಿ ಬಾರದಿದ್ದರೆ ಸಂದಿಗೆ ಜೇನುಮೇಣ ತುಂಬಿ, ಇಲ್ಲದಿದ್ದರೆ ಹುಳಿ ಒಳಗೆ ಸೇರಿ ವರ್ಷಗಟ್ಟಲೆ ತಿನ್ನುತ್ತದೆ. ಅಸಿಟೋನ್‌ನಲ್ಲಿ ಜಿಡ್ಡು ಒರೆಸಿ, ಉಗುರುಬೆಚ್ಚಗಿನ ವಿನೆಗರನ್ನು ಹತ್ತಿಯಿಂದ 10-15 ನಿಮಿಷ ಸವರುತ್ತಲೇ ಇರಿ, ಮಸಿ ಒರೆಸಿ, ಎಳೆ ಕಾಣುವತನಕ ಇದನ್ನೇ ಮಾಡಿ. ಕೊನೆಗೆ ಲೀಟರ್ ನೀರಿಗೆ ಒಂದು ದೊಡ್ಡ ಚಮಚ ಅಡಿಗೆ ಸೋಡಾ ಹಾಕಿ ತೊಳೆದು, ಡ್ರೈಯರ್‌ನಿಂದ ಆರಿಸಿ, ಬಿಸಿ ಇರುವಾಗಲೇ ಹೊಲಿಗೆ ಯಂತ್ರದ ಎಣ್ಣೆ ಹಚ್ಚಿ. ಕೊಬ್ಬರಿ ಎಣ್ಣೆ ಬೇಡ, ಕಮಟಾಗಿ ಹುಳಿಯಾಗುತ್ತದೆ.

ಎಳೆ ಬರಲಿಲ್ಲವೆಂದರೆ ಹೆಚ್ಚು ಹುಳಿ ಹಾಕಿ ಹಟ ಮಾಡಬೇಡಿ, ಎಲ್ಲ ಅಲಗಿನಲ್ಲೂ ಇರುವುದಿಲ್ಲ.

ನೀವು ಕೇಳದ ಇನ್ನೊಂದು ವಿಷಯ. ಊರಿಗೆ ಬರುವಾಗ ಬ್ಯಾಗಿಗೆ ಹಾಕಿಕೊಂಡು ಬರುವ ಯೋಚನೆ ಇದ್ದರೆ ಬಿಡಿ. ಭಾರತಕ್ಕೆ ಕತ್ತಿ ತರಲು 1959ರ ಶಸ್ತ್ರಾಸ್ತ್ರ ಕಾಯ್ದೆಯಂತೆ ಪರವಾನಗಿ ಬೇಕು. ಅತ್ತ ಫಿಲಿಪೀನ್ಸ್‌ನಲ್ಲಿ ಪರಂಪರೆಯ ವಸ್ತುಗಳ ರಕ್ಷಣೆಗೆ 10066ನೇ ಕಾಯ್ದೆ ಇದೆ, ಹಳೆಯ ವಸ್ತು ಹೊರಗೆ ಒಯ್ಯುವ ಮೊದಲು ಮನಿಲಾದ ರಾಷ್ಟ್ರೀಯ ಮ್ಯೂಸಿಯಂ ಅನ್ನು ಕೇಳಿ, ಬರವಣಿಗೆಯಲ್ಲೇ ಉತ್ತರ ತೆಗೆದುಕೊಳ್ಳಿ. ದಂತದ ಹಿಡಿಯಾದರೆ ತರುವ ಮಾತೇ ಇಲ್ಲ, ವನ್ಯಜೀವಿ ಕಾಯ್ದೆ ಬೇರೆ ಬಂದು ಕೂರುತ್ತದೆ.