ಓದುಗರ ಪ್ರಶ್ನೆ: ಮಾತುಕತೆ ಮುಕ್ತ, ಆದರೆ ಯಾವ ಭಾಷೆಯಲ್ಲಿ?

ಪ್ರಶ್ನೆ: ನಾನು ಕಾಸರಗೋಡು ಸಮೀಪದ ಕಾಲೇಜೊಂದರಲ್ಲಿ ಎರಡನೆಯ ವರ್ಷದ ಪದವಿಯಲ್ಲಿದ್ದೇನೆ. ಹತ್ತನೆಯ ತರಗತಿಯವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದವಳು. ಮಾದಕ ವಸ್ತು, ರ‍್ಯಾಗಿಂಗ್, ವರದಕ್ಷಿಣೆ, ಕೆಲಸದ ಚಿಂತೆ ಮುಂತಾದ ವಿಷಯಗಳ ಬಗ್ಗೆ ವಿದ್ಯಾರ್ಥಿಗಳೇ ಮನಬಿಚ್ಚಿ ಮಾತನಾಡಲೆಂದು ನಾವು ಕೆಲವರು ಸೇರಿ ಪ್ರತಿ ಗುರುವಾರ ಮಧ್ಯಾಹ್ನ ಮೂರೂವರೆಗೆ ಮುಕ್ತ ಮಾತುಕತೆ ಆರಂಭಿಸಿದೆವು. ಮೊದಲ ವಾರ 40 ಮಂದಿ ಬಂದಿದ್ದರು, ನಾಲ್ಕನೆಯ ವಾರ 9 ಮಂದಿ. ಕನ್ನಡದವರು ಬಂದರೂ ಬಾಯಿ ತೆರೆಯುವುದಿಲ್ಲ. ನಾವು ಎಡವಿದ್ದೆಲ್ಲಿ?
(ವಿದ್ಯಾರ್ಥಿನಿ, ಮುಳ್ಳೇರಿಯ)

ಉತ್ತರ: ನಿಮ್ಮ ಪತ್ರದಲ್ಲೇ ಉತ್ತರ ಅರ್ಧ ಇದೆ. ಮೂರೂವರೆ ಎಂದರೆ ಬಸ್ಸಿನ ಹೊತ್ತು. ಮುಳ್ಳೇರಿಯ, ಆದೂರು, ಪೆರ್ಲ ಕಡೆಗೆ ಹೋಗುವ ಮಕ್ಕಳು ಒಂದು ಬಸ್ಸು ತಪ್ಪಿದರೆ ಮುಂದಿನದಕ್ಕೆ ಕಾದು, ಇಳಿದ ಮೇಲೆ ತೋಟದ ದಾರಿಯಲ್ಲಿ ನಡೆದು, ಕತ್ತಲಾದ ಮೇಲೆ ಮನೆ ಸೇರಿ, ಎಲ್ಲಿಗೆ ಹೋಗಿದ್ದೆ ಎಂಬ ಪ್ರಶ್ನೆಗೆ ಉತ್ತರ ಕೊಡಬೇಕಾಗುತ್ತದೆ. ಬಾರದ 31 ಮಂದಿಗೆ ಆಸಕ್ತಿಯಿಲ್ಲ ಎಂದು ತೀರ್ಮಾನಿಸುವ ಮೊದಲು ಅವರು ಯಾವ ಬಸ್ಸಿನವರು ಎಂದು ವಿಚಾರಿಸಿ ನೋಡಿ. ಮಧ್ಯಾಹ್ನದ ಊಟದ ಬಿಡುವಿನಲ್ಲಿ ಮುಕ್ಕಾಲು ಗಂಟೆ ಸಾಕು, ಬುತ್ತಿ ಬಿಚ್ಚಿಕೊಂಡೇ ಕೂರಬಹುದು.

ಬಂದೂ ಮಾತನಾಡದವರ ವಿಚಾರ ಬೇರೆ, ಅದು ಭಾಷೆಗೆ ಸೇರಿದ್ದು. ನಮ್ಮ ಜಿಲ್ಲೆಯ ಕನ್ನಡ ಮಾಧ್ಯಮದ ಮಕ್ಕಳಿಗೆ ಕಾಲೇಜಿಗೆ ಬರುವಷ್ಟರಲ್ಲಿ ಮಲಯಾಳ ಚೆನ್ನಾಗಿಯೇ ಅರ್ಥವಾಗುತ್ತದೆ. ಪೇಟೆಯಲ್ಲಿ ಚೌಕಾಸಿ ಮಾಡುತ್ತಾರೆ, ಕಂಡಕ್ಟರನೊಡನೆ ಕನ್ಸೆಷನ್ ಟಿಕೇಟಿಗಾಗಿ ಜಗಳವನ್ನೂ ಆಡುತ್ತಾರೆ. ಆದರೆ ಚೌಕಾಸಿಗೆ ಸಾಕಾಗುವ ಭಾಷೆ ತನ್ನ ಮನೆಯ ಸಂಕಟವನ್ನೋ ತನಗಾದ ಅವಮಾನವನ್ನೋ 40 ಮಂದಿಯ ಎದುರು ಹೇಳಿಕೊಳ್ಳುವುದಕ್ಕೆ ಸಾಕಾಗುವುದಿಲ್ಲ, ಒಂದು ಉಚ್ಚಾರ ತಪ್ಪಿ ಯಾರಾದರೂ ಕಿಸಕ್ಕೆಂದರೆ ಆ ವಿದ್ಯಾರ್ಥಿ ಮತ್ತೆ ಆ ವರ್ಷವಿಡೀ ಕೈ ಎತ್ತುವುದಿಲ್ಲ.

ಈ ಪಾಠವನ್ನು ನಾನು ಕಲಿತದ್ದು ಸ್ವಂತ ತಪ್ಪಿನಿಂದ. ಅಧ್ಯಾಪಕನಾಗಿದ್ದ ಕಾಲದಲ್ಲಿ ವರದಕ್ಷಿಣೆಯ ಬಗ್ಗೆ ಇಂತಹದೇ ಒಂದು ಕಾರ್ಯಕ್ರಮ ಇಟ್ಟುಕೊಂಡಿದ್ದೆ. ಸಭಾಂಗಣ, ಮೈಕು, ಮೇಜಿನ ಮೇಲೆ ಹೂದಾನಿ, ನಡುವೆ ಅಧ್ಯಕ್ಷ ಪೀಠದಲ್ಲಿ ನಾನು. ಮಾತನಾಡಿದವರೆಲ್ಲ ಚರ್ಚಾಸ್ಪರ್ಧೆಯಲ್ಲಿ ಬಹುಮಾನ ಪಡೆದವರೇ. ಎಲ್ಲರೂ ವರದಕ್ಷಿಣೆಯನ್ನು ಖಂಡಿಸಿದರು, ಚಪ್ಪಾಳೆಯೂ ಬಿತ್ತು. ಮುಗಿದ ಮೇಲೆ ಚಹಾದ ಲೋಟಗಳನ್ನು ಎತ್ತಿಡುತ್ತಿದ್ದ ಹುಡುಗಿಯೊಬ್ಬಳು ಪಕ್ಕದವಳಿಗೆ ತುಳುವಿನಲ್ಲಿ, ತನ್ನ ಅಕ್ಕನಿಗೆ ಕೊಡಬೇಕಾದ ಚಿನ್ನದ ಪವನಿಗಾಗಿ ಅಪ್ಪ ತೋಟದ ಕೆಳಗಿನ ತುಂಡನ್ನು ಮಾರಿದರೆಂದೂ ಮುಂದಿನ ಸರದಿ ತನ್ನದೆಂದೂ ಹೇಳುತ್ತಿದ್ದಳು. ಆ ದಿನದ ಒಂದೇ ಒಂದು ನಿಜವಾದ ಮಾತು ಮೈಕಿಗೆ ಸಿಗಲಿಲ್ಲ.

ಆದ್ದರಿಂದ ಮೊದಲ ಹತ್ತು ನಿಮಿಷ ಎಲ್ಲರನ್ನೂ ಮೂವರು ಮೂವರಾಗಿ, ಅವರಿಗೆ ಬೇಕಾದವರ ಜೊತೆ, ಬೇಕಾದ ಭಾಷೆಯಲ್ಲಿ ಮಾತನಾಡಲು ಬಿಡಿ. ತುಳುವಾಗಲಿ, ಬ್ಯಾರಿಯಾಗಲಿ, ಕೊಂಕಣಿಯಾಗಲಿ, ಮರಾಠಿಯಾಗಲಿ, ಹವ್ಯಕ ಕನ್ನಡವಾಗಲಿ. ಬಳಿಕ ದೊಡ್ಡ ಗುಂಪಿನಲ್ಲಿ ಮಾತನಾಡುವವರು ತಮ್ಮ ಭಾಷೆಯಲ್ಲೇ ಮಾತನಾಡಲಿ, ಪಕ್ಕದಲ್ಲಿ ಕೂತ ಒಬ್ಬರು ಅದನ್ನು ಮಲಯಾಳದಲ್ಲಿ ಎರಡು ವಾಕ್ಯಗಳಲ್ಲಿ ಹೇಳಲಿ. ಮೂರು ನಾಲ್ಕು ಭಾಷೆ ಬಲ್ಲವರು ನಮ್ಮಲ್ಲಿ ಪ್ರತಿ ಬೆಂಚಿನಲ್ಲೂ ಸಿಗುತ್ತಾರೆ. ಸಪ್ತಭಾಷಾ ಸಂಗಮ ಭೂಮಿ ಎಂದು ಸ್ವಾಗತ ಭಾಷಣಗಳಲ್ಲಿ ಕೊಚ್ಚಿಕೊಳ್ಳುವ ನಾವು ಈ ಸಂಪತ್ತನ್ನು ಸ್ವಾಗತ ಭಾಷಣದ ಆಚೆ ಬಳಸಿದ್ದು ಕಡಿಮೆ. ಹಾಗೆಂದು ಕನ್ನಡದವರಿಗೆ ಬೇರೆ ಕೂಟ ಕಟ್ಟಬೇಡಿ; ನಿಮ್ಮ ಮಲಯಾಳಿ ಗೆಳತಿಯರೂ ಕನ್ನಡದ ಮಾತಿಗಾಗಿ ಎರಡು ನಿಮಿಷ ಕಾಯುವುದನ್ನು ಕಲಿಯಬೇಕಾಗಿದೆ.

ವಿಷಯದ ಆಯ್ಕೆಯಲ್ಲೂ ಒಂದು ಮಾತು. "ಯುವಜನತೆ ಮತ್ತು ಸಾಮಾಜಿಕ ಪಿಡುಗುಗಳು" ಎಂದು ಫಲಕ ಬರೆದರೆ ಭಾಷಣ ಬರುತ್ತದೆ. ಅದರ ಬದಲು ಹಾಜರಾತಿ ಕಡಿಮೆಯಾದವರು ಯಾರು, ಏಕೆ ಎಂದು ಕೇಳಿ. ನಮ್ಮ ಗೇರು ತೋಟಗಳ ಮೇಲೆ ಎರಡು ದಶಕಗಳಿಗೂ ಹೆಚ್ಚು ಕಾಲ ಎಂಡೋಸಲ್ಫಾನ್ ಎಂಬ ಕೀಟನಾಶಕವನ್ನು ಆಕಾಶದಿಂದ ಸಿಂಪಡಿಸಿ, 2000ದಲ್ಲಿ ನಿಲ್ಲಿಸಲಾಯಿತು. 2011ರಲ್ಲಿ ಸುಪ್ರೀಂ ಕೋರ್ಟು ಅದನ್ನು ದೇಶದಾದ್ಯಂತ ನಿಷೇಧಿಸಿತು, 2017ರಲ್ಲಿ ಸಂತ್ರಸ್ತರಿಗೆ ತಲಾ 5 ಲಕ್ಷ ರೂಪಾಯಿ ಕೊಡಬೇಕೆಂದು ಆದೇಶಿಸಿತು. ಎಣ್ಮಕಜೆ, ಬೆಳ್ಳೂರು ಕಡೆಯಿಂದ ಬರುವ ನಿಮ್ಮ ಸಹಪಾಠಿಗಳಲ್ಲಿ, ಹಾಸಿಗೆ ಹಿಡಿದ ಅಣ್ಣನನ್ನೋ ಚಿಕ್ಕಮ್ಮನನ್ನೋ ಬೆಳಿಗ್ಗೆ ಮೀಯಿಸಿ, ಉಣಿಸಿ, ಎರಡನೆಯ ಪೀರಿಯಡಿಗೆ ತರಗತಿ ಸೇರುವವರು ಇರಬಹುದು. ಅವರನ್ನು ಹೆಸರು ಹಿಡಿದು ಕರೆದು ಮಾತನಾಡಿಸಬೇಡಿ. ಹಾಜರಾತಿಯ ಮಾತು ಎದ್ದರೆ, ಹೇಳಬೇಕೆನಿಸಿದವರು ತಾವಾಗಿ ಹೇಳುತ್ತಾರೆ.

ಭಾಷೆಯನ್ನೇ ವಿಷಯವಾಗಿ ಒಂದು ದಿನ ಇಟ್ಟುಕೊಳ್ಳುವುದಾದರೆ, ಕಾಸರಗೋಡು ಕೇರಳಕ್ಕೆ ಸೇರಿದ 1956ರ ನವೆಂಬರ್ 1ರಿಂದ ಗಡಿ ವಿವಾದದ ಬಗೆಗಿನ ಮಹಾಜನ ವರದಿಯವರೆಗಿನ ಇತಿಹಾಸವನ್ನು ಹಿರಿಯರಿಂದ ಹೇಳಿಸುವ ಬದಲು, ಮಲಯಾಳದಲ್ಲಿ ಮಾತ್ರ ಅಚ್ಚಾದ ಒಂದು ಅರ್ಜಿ ನಮೂನೆಯನ್ನು ತಂದು ಎಲ್ಲರೂ ಕೂಡಿ ತುಂಬಿಸಲು ಕೂರಿ. ಕೇರಳದ 1969ರ ಅಧಿಕೃತ ಭಾಷಾ ಕಾಯಿದೆಯು, ಅಲ್ಪಸಂಖ್ಯಾತ ಪ್ರದೇಶವೆಂದು ಘೋಷಿತವಾದ ಕಡೆಗಳ ಸರಕಾರಿ ಕಚೇರಿಗಳೊಡನೆ ಕನ್ನಡದಲ್ಲಿ ಪತ್ರ ವ್ಯವಹಾರ ಮಾಡುವ ಹಕ್ಕನ್ನು ಕನ್ನಡಿಗರಿಗೆ ಕೊಟ್ಟಿದೆ, ಉತ್ತರವೂ ಕನ್ನಡದಲ್ಲೇ ಬರಬೇಕೆಂದಿದೆ. ಆ ಕೂಟದಿಂದ ಕನ್ನಡದಲ್ಲಿ ಒಂದು ಅರ್ಜಿ ಹೊರಟು, ಅದಕ್ಕೆ ಬಂದ ಉತ್ತರವನ್ನು ಮುಂದೊಂದು ವಾರ ಓದಿದರೆ ಅದಕ್ಕಿಂತ ಒಳ್ಳೆಯ ಚರ್ಚೆ ಬೇರೆ ಸಿಗಲಾರದು.

ಪ್ರಶ್ನೆ: ನಾನು ಕಾಲೇಜು ಅಧ್ಯಾಪಕಿ. ನಮ್ಮಲ್ಲಿಯ ಇಂತಹದೇ ಮಾತುಕತೆಯಲ್ಲಿ "ಇಲ್ಲಿ ಆಡಿದ್ದು ಹೊರಗೆ ಹೋಗುವುದಿಲ್ಲ" ಎಂದು ಮೊದಲೇ ಮಾತು ಕೊಟ್ಟಿದ್ದೆವು. ಮೊದಲ ವರ್ಷದ ಹುಡುಗನೊಬ್ಬ, ಹಾಸ್ಟೆಲಿನಲ್ಲಿ ಹಿರಿಯರು ತನ್ನನ್ನು ರಾತ್ರಿಯಿಡೀ ನಿಲ್ಲಿಸಿದರೆಂದು ಹೇಳಿಬಿಟ್ಟ. ನಾನು ಸುಮ್ಮನಿರಬೇಕೇ?
(ಅಧ್ಯಾಪಕಿ, ಕಾಸರಗೋಡು)

ಉತ್ತರ: ಸುಮ್ಮನಿರುವಂತಿಲ್ಲ, ಟೀಚರ್. ಕೊಟ್ಟ ಮಾತೇ ತಪ್ಪು. "ಇಲ್ಲಿ ಆಡಿದ್ದನ್ನು ಹರಟೆಯ ಸರಕಾಗಿಸುವುದಿಲ್ಲ, ಯಾರಿಗಾದರೂ ಅಪಾಯವಿದೆ ಎಂದು ಗೊತ್ತಾದರೆ ಮಾತ್ರ, ಅವರಿಗೆ ತಿಳಿಸಿಯೇ, ಸಂಬಂಧಪಟ್ಟವರಿಗೆ ಹೇಳುತ್ತೇವೆ" ಎಂದು ಮುಂದಿನ ವಾರದಿಂದ ತಿದ್ದಿಕೊಳ್ಳಿ. ಈಗ ಮೊದಲು ಆ ಹುಡುಗನನ್ನು ಒಬ್ಬನನ್ನೇ ಕೂರಿಸಿಕೊಂಡು, ನೀವು ಏನು ಮಾಡಲಿದ್ದೀರಿ ಎಂದು ವಿವರಿಸಿ, ಅವನು ಈ ರಾತ್ರಿ ಎಲ್ಲಿ ಮಲಗುತ್ತಾನೆ ಎಂಬುದನ್ನು ಖಚಿತಪಡಿಸಿಕೊಳ್ಳಿ. ಉಳಿದದ್ದೆಲ್ಲ ಆಮೇಲೆ.

ಕೇರಳದ 1998ರ ರ‍್ಯಾಗಿಂಗ್ ನಿಷೇಧ ಕಾಯಿದೆಯ ಪ್ರಕಾರ ವಿದ್ಯಾರ್ಥಿ, ಹೆತ್ತವರು ಮಾತ್ರವಲ್ಲ, ಅಧ್ಯಾಪಕರೂ ಲಿಖಿತ ದೂರು ಕೊಡಬಹುದು. ಸಂಸ್ಥೆಯ ಮುಖ್ಯಸ್ಥರು 7 ದಿನಗಳೊಳಗೆ ವಿಚಾರಿಸಿ, ಮೇಲ್ನೋಟಕ್ಕೆ ನಿಜವೆಂದು ಕಂಡರೆ ಆರೋಪಿಗಳನ್ನು ಅಮಾನತುಗೊಳಿಸಿ ದೂರನ್ನು ಪೊಲೀಸರಿಗೆ ಕಳುಹಿಸಬೇಕು. ಕೈಕಟ್ಟಿ ಕೂತ ಮುಖ್ಯಸ್ಥರನ್ನು ಆ ಕಾಯಿದೆ ಕೃತ್ಯಕ್ಕೆ ಕುಮ್ಮಕ್ಕು ಕೊಟ್ಟವರೆಂದೇ ಎಣಿಸುತ್ತದೆ. ವಿಶ್ವವಿದ್ಯಾನಿಲಯ ಧನಸಹಾಯ ಆಯೋಗದ 2009ರ ನಿಯಮಾವಳಿ ಇನ್ನೂ ಬಿಗಿಯಾಗಿದೆ: ದಂಡನೀಯ ಅಪರಾಧವೆಂದು ಕಂಡರೆ 24 ಗಂಟೆಗಳೊಳಗೆ ಎಫ್.ಐ.ಆರ್. ದಾಖಲಿಸಬೇಕು. ದೂರಿನಲ್ಲಿ ತಾರೀಕು, ಸಮಯ, ಕೋಣೆ ಇವನ್ನು ಅವನು ಹೇಳಿದ ಹಾಗೆಯೇ ಬರೆಯಿರಿ, ನಿಮ್ಮ ವಿಶೇಷಣಗಳನ್ನು ಸೇರಿಸಬೇಡಿ. ರ‍್ಯಾಗಿಂಗ್ ವಿರೋಧಿ ಸಹಾಯವಾಣಿ 1800-180-5522ಕ್ಕೆ ಅವನೇ ಕರೆ ಮಾಡಲೂಬಹುದು.

ನಾಳೆ ಯಾರಾದರೂ ಲೈಂಗಿಕ ಕಿರುಕುಳದ ಮಾತೆತ್ತಿದರೆ ಅದನ್ನು ಗುಂಪಿನಲ್ಲಿ ಕೆದಕಬೇಡಿ. ಅದು ಕಾಲೇಜಿನ ಆಂತರಿಕ ದೂರು ಸಮಿತಿಗೆ ಹೋಗಬೇಕಾದದ್ದು, ಸಾಮಾನ್ಯವಾಗಿ ಘಟನೆ ನಡೆದ 3 ತಿಂಗಳೊಳಗೆ, ಮತ್ತು ಹೆಸರುಗಳನ್ನು ಗುಟ್ಟಾಗಿಡಬೇಕೆಂಬುದು ಕಾನೂನು. ಮನಸ್ಸು ಕುಸಿದವರಿಗೆ ಟೆಲಿ ಮಾನಸ್ ಸಂಖ್ಯೆ 14416 ಹಗಲೂ ರಾತ್ರಿಯೂ ಇದೆ, ಕನ್ನಡದಲ್ಲೂ ಮಾತನಾಡಬಹುದು. ಈ ಸಂಖ್ಯೆಗಳನ್ನು ನೋಟೀಸು ಬೋರ್ಡಿನ ಗಾಜಿನ ಹಿಂದೆ ಇಂಗ್ಲಿಷಿನಲ್ಲಿ ಅಂಟಿಸಿ ಕರ್ತವ್ಯ ಮುಗಿಸುವುದು ನಮ್ಮ ಕಾಲೇಜುಗಳ ಚಾಳಿ. ಮಾತುಕತೆಯ ಕೊನೆಗೆ ಬಾಯಿಬಿಟ್ಟು ಹೇಳಿ, ಕನ್ನಡದಲ್ಲೂ ಮಲಯಾಳದಲ್ಲೂ.

ಪ್ರಶ್ನೆ: ನಾನು ಅಡಿಕೆ ಕೃಷಿಕ. ಮಗಳು ಕಾಲೇಜಿನ ಇಂತಹ ಕೂಟಗಳಿಗೆ ಹೋಗಿ ಬಂದು, ಚಿನ್ನ ಕೊಟ್ಟು ಮದುವೆ ಮಾಡುವುದಾದರೆ ತನಗೆ ಮದುವೆಯೇ ಬೇಡವೆಂದು ವಾದಿಸುತ್ತಾಳೆ. ಒಂದು ಪವನಿನ ದರ ಎಲ್ಲಿಗೆ ಏರಿದೆಯೆಂದು ಅವಳಿಗೇನು ಗೊತ್ತು? ಓದು ಹಾಳಾಗುತ್ತದೆಂಬ ಭಯ ನನಗೆ.
(ಓರ್ವ ತಂದೆ, ಬದಿಯಡ್ಕ)

ಉತ್ತರ: ವಾರಕ್ಕೆ ಒಂದು ಗಂಟೆಯಿಂದ ಓದು ಹಾಳಾಗದು, ಮೊಬೈಲು ಅದಕ್ಕಿಂತ ಹೆಚ್ಚು ಹೊತ್ತು ನುಂಗುತ್ತದೆ. ಇನ್ನು ಅವಳ ವಾದಕ್ಕೆ ಕಾನೂನಿನ ಆಧಾರವೂ ಇದೆ: 1961ರ ವರದಕ್ಷಿಣೆ ನಿಷೇಧ ಕಾಯಿದೆಯಂತೆ ಪಡೆಯುವುದು ಮಾತ್ರವಲ್ಲ, ಕೊಡುವುದೂ ಅಪರಾಧ. ಕೂಟದಲ್ಲಿ ಹೇಳಬಹುದಾದ ಮಾತನ್ನು ಅವಳು ಮನೆಯಲ್ಲಿ, ಅದೂ ನಿಮ್ಮ ಎದುರಲ್ಲೇ ಹೇಳುತ್ತಿದ್ದಾಳೆ. ಎಷ್ಟು ಮನೆಗಳಲ್ಲಿ ಅಪ್ಪನಿಗೆ ಆ ಭಾಗ್ಯವಿದೆ ಹೇಳಿ. ನೀವು ಪತ್ರದ ಹಿಂಬದಿಯಲ್ಲಿ ಅಡಿಕೆಯ ಧಾರಣೆಗೂ ಪವನಿನ ದರಕ್ಕೂ ಹೋಲಿಸಿ ಒಂದು ಲೆಕ್ಕ ಬರೆದು, ಆಮೇಲೆ ಗೀಟು ಹಾಕಿ ಹೊಡೆದಿದ್ದೀರಿ. ಆ ಲೆಕ್ಕವನ್ನು ಹೊಡೆದುಹಾಕದೆ ಅವಳಿಗೆ ತೋರಿಸಿ.