ಕಿಟಕಿ ಇದೆ, ಬೆಳಕು ಬೇರೆ ಕಡೆಯಿಂದ!

ಪ್ರಶ್ನೆ: ಇಟಲಿಯ ಚಿತ್ರಕಾರ ಕಾರವಾಜ್ಜೊ ಬರೆದ ‘ಸಂತ ಮತ್ತಾಯನ ಕರೆ’ (ಶಿಷ್ಯನಾಗು ಬಾ ಅಂತ ಯೇಸು ಮತ್ತಾಯನನ್ನು ಕರೆಯುವ ಗಳಿಗೆ) ಚಿತ್ರದಲ್ಲಿ ಗೋಡೆಗೆ ಕಿಟಕಿ ಇದ್ದರೂ ಬೆಳಕು ಅಲ್ಲಿಂದ ಬರುತ್ತಿಲ್ಲ. ಇದು ತಪ್ಪಲ್ವಾ? ಅಷ್ಟೊಂದು ಕತ್ತಲೆ ಯಾಕೆ?

ಉತ್ತರ: ತಪ್ಪಲ್ಲ, ಬೇಕೆಂದೇ ಮಾಡಿದ್ದು. ಆ ಕಿಟಕಿ ಮಂಕಾಗಿದೆ, ಅದರಿಂದ ಏನೂ ಒಳಗೆ ಬರುವುದಿಲ್ಲ. ಬೆಳಕು ಬೀಳುವುದು ಬಲಗಡೆಯಿಂದ, ಯೇಸುವಿನ ತಲೆಯ ಮೇಲಿಂದ ಓರೆಯಾಗಿ, ಅಂದರೆ ಕರೆ ಬರುವ ಕಡೆಯಿಂದಲೇ. ಯೇಸುವಿನ ಮೈಯೆಲ್ಲ ಹೆಚ್ಚುಕಡಿಮೆ ಕತ್ತಲಲ್ಲಿ. ಅರ್ಧ ಮುಖ, ಚಾಚಿದ ಕೈ ಅಷ್ಟೇ ಕಾಣುತ್ತವೆ. ‘ಸುಂಕದವನ ಮುಂದೆ ಸುಖದುಃಖ’ ಅಂತೀವಲ್ಲ, ಅಂಥ ಸುಂಕದವನೇ ಈ ಮತ್ತಾಯ. ಮೇಜಿನ ಸುತ್ತ ಕೂತವರಲ್ಲಿ ಅವನು ಯಾರು ಅನ್ನೋದಕ್ಕೇ ಇನ್ನೂ ಜಗಳವಿದೆ. ‘ನಾನಾ?’ ಅನ್ನುವಂತೆ ಬೆರಳು ತೋರಿಸುವ ಗಡ್ಡದವನು ಅಂತ ಜಾಸ್ತಿ ಜನ ಹೇಳುತ್ತಾರೆ. ತುದಿಯಲ್ಲಿ ತಲೆ ತಗ್ಗಿಸಿ ನಾಣ್ಯ ನೋಡುತ್ತಿರುವ ಹುಡುಗ ಅಂತ ಕೆಲವರು. ನನ್ನ ಮತ ಗಡ್ಡದವನಿಗೆ.

ಕತ್ತಲೆ ಇಲ್ಲದಿದ್ದರೆ ಅದು ಸುಮ್ನೆ ಐದು ಜನ ದುಡ್ಡೆಣಿಸುವ ಚಿತ್ರ. ಕಾರವಾಜ್ಜೊ ಕ್ಯಾನ್‌ವಾಸಿಗೆ ಮೊದಲೇ ಗಾಢ ಬಣ್ಣ ಬಳಿದು, ಬೇಕಾದ ಕಡೆಯಷ್ಟೇ ಬೆಳಕು ತರುತ್ತಿದ್ದ.

ಇನ್ನೊಂದು ಮಾತು. 1599-1600ರಲ್ಲಿ ಬರೆದ ಈ ಚಿತ್ರ ಈಗಲೂ ರೋಮಿನ ಸಾನ್ ಲುಯಿಜಿ ದೇಯಿ ಫ್ರಾಂಚೇಸಿ ಚರ್ಚಿನೊಳಗಿನ ಒಂದು ಪುಟ್ಟ ಪ್ರಾರ್ಥನಾ ಕೋಣೆಯ ಎಡಗೋಡೆಯಲ್ಲೇ ಇದೆ. ಅಲ್ಲಿನ ನಿಜವಾದ ಕಿಟಕಿ ಚಿತ್ರದ ಬಲಕ್ಕೆ, ಪೂಜಾವೇದಿಕೆಯ ಮೇಲಿದೆ. ಆದರೂ ಒಳಗೆ ಮಬ್ಬು, ಹಾಗಾಗಿ ಬಂದವರು ಪೆಟ್ಟಿಗೆಗೆ ನಾಣ್ಯ ಹಾಕಿ ದೀಪ ಹೊತ್ತಿಸಿಕೊಂಡು ನೋಡುವ ರೂಢಿ. ಸುಂಕದವನನ್ನು ನೋಡೋಕೂ ಸುಂಕ!